ಕಾಲು ಎಣಿಸಿದರೆ ಸಾಲದು, ಸೊಂಟ ನೋಡಿ: ಹಾರ್ವೆಸ್ಟ್‌ಮನ್ ಯಾಕೆ ಜೇಡವಲ್ಲ

ಮಳೆಗಾಲದಲ್ಲಿ ಆಗುಂಬೆ, ಕುದುರೆಮುಖ ಅಥವಾ ಕೊಡಗಿನ ಕಾಡುದಾರಿಯಲ್ಲಿ ಓಡಾಡುವವರಿಗೆ ಪಾಚಿಗಟ್ಟಿದ ಬಂಡೆಯ ಮರೆಯಲ್ಲೋ ಮರದ ಬೊಡ್ಡೆಯ ಪೊಟರೆಯಲ್ಲೋ ಕೂದಲೆಳೆಯಂಥ ಕಾಲುಗಳ ದೊಡ್ಡ ಗುಂಪು ಕಾಣುವುದುಂಟು. ಹತ್ತಿರ ಹೋಗಿ ಉಸಿರು ಬಿಟ್ಟರೆ ಗುಂಪಿಗೆ ಗುಂಪೇ ಮೇಲಕ್ಕೂ ಕೆಳಕ್ಕೂ ಜಗ್ಗಾಡತೊಡಗುತ್ತದೆ. ನೋಡಿದವರು ಅದನ್ನು ಜೇಡರ ಹಿಂಡು ಎಂದುಕೊಂಡು ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. ಅವು ಜೇಡಗಳಲ್ಲ. ಬಲೆ ನೇಯುವುದಿಲ್ಲ, ವಿಷವಿಲ್ಲ, ಮನುಷ್ಯರನ್ನು ಕಚ್ಚಿ ಗಾಯ ಮಾಡುವ ಶಕ್ತಿಯೂ ಇಲ್ಲ. ಒಪಿಲಿಯೋನಿಸ್ ಎಂಬ ಪ್ರತ್ಯೇಕ ಗಣಕ್ಕೆ ಸೇರಿದ ಹಾರ್ವೆಸ್ಟ್‌ಮನ್‌ಗಳು ಅವು.

ಜೇಡ, ಚೇಳು, ಉಣ್ಣೆ, ನುಸಿ ಎಲ್ಲವೂ ಇರುವ ಅರಾಕ್ನಿಡ್ ವರ್ಗದಲ್ಲೇ ಹಾರ್ವೆಸ್ಟ್‌ಮನ್ ಕೂಡ ಇದೆ. ಎಂಟು ಕಾಲು, ಮೀಸೆಯಿಲ್ಲ, ರೆಕ್ಕೆಯಿಲ್ಲ: ಇಷ್ಟು ಎಲ್ಲಕ್ಕೂ ಸಮಾನ. ಆದ್ದರಿಂದಲೇ ಕಾಲು ಎಣಿಸಿ ಯಾವುದನ್ನೂ ನಿರ್ಧರಿಸಲು ಬರುವುದಿಲ್ಲ. ಜಗತ್ತಿನಲ್ಲಿ ಜೇಡಗಳ 50,000ಕ್ಕೂ ಹೆಚ್ಚು ಪ್ರಭೇದಗಳಿಗೆ ಹೆಸರಿಡಲಾಗಿದೆ. ಹಾರ್ವೆಸ್ಟ್‌ಮನ್‌ಗಳದ್ದು 6,600ಕ್ಕೂ ಹೆಚ್ಚು. ನೋಡಲು ಅಣ್ಣತಮ್ಮಂದಿರಂತಿದ್ದರೂ ವಂಶವೃಕ್ಷದಲ್ಲಿ ಇವೆರಡೂ ಹತ್ತಿರದವಲ್ಲ. ಜೇಡಕ್ಕೆ ನಿಜವಾಗಿ ಹತ್ತಿರದ ನೆಂಟರು ಚಾಟಿಜೇಡ ಮತ್ತು ಚಾಟಿಚೇಳುಗಳು. ಹಾರ್ವೆಸ್ಟ್‌ಮನ್ ತೀರ ಹಿಂದೆಯೇ ಬೇರೆಯಾದ ಕವಲು. ಸ್ಕಾಟ್ಲೆಂಡಿನ ರೈನಿ ಎಂಬಲ್ಲಿನ ಕಲ್ಲಿನಲ್ಲಿ ಸಿಕ್ಕ ಸುಮಾರು 41 ಕೋಟಿ ವರ್ಷ ಹಳೆಯ ಹಾರ್ವೆಸ್ಟ್‌ಮನ್ ಪಳೆಯುಳಿಕೆಯಲ್ಲಿ ಉಸಿರ್ನಾಳಗಳು, ಜನನಾಂಗಗಳು ಸಹ ಉಳಿದುಬಂದಿವೆ. ಈಗಿನವುಗಳಿಗೂ ಅದಕ್ಕೂ ಇರುವ ಹೋಲಿಕೆ ಬೆರಗು ಹುಟ್ಟಿಸುತ್ತದೆ.

ಗುರುತು ಹಿಡಿಯಲು ಮೊದಲು ನೋಡಬೇಕಾದದ್ದು ಸೊಂಟ. ಅರಾಕ್ನಿಡ್‌ಗಳ ಮೈಯಲ್ಲಿ ಎರಡು ಭಾಗ: ಕಾಲು, ಕಣ್ಣು, ಬಾಯಿ ಇರುವ ಮುಂಭಾಗ ಒಂದು, ಹಿಂದಿನ ಹೊಟ್ಟೆ ಇನ್ನೊಂದು. ಜೇಡದಲ್ಲಿ ಇವೆರಡರ ನಡುವೆ ಬಹಳ ಸಣ್ಣದೊಂದು ಕೊಳವೆಯಿದೆ. ರಕ್ತ, ಆಹಾರ, ನರ ಎಲ್ಲವೂ ಆ ಇಕ್ಕಟ್ಟಿನಲ್ಲೇ ಹಾದುಹೋಗಬೇಕು. ಎಳೆ ತೆಗೆಯುವಾಗ ಹೊಟ್ಟೆಯನ್ನು ಬೇಕಾದತ್ತ ತಿರುಗಿಸಲು ಜೇಡಕ್ಕೆ ಆ ಸೊಂಟವೇ ಆಧಾರ. ಹಾರ್ವೆಸ್ಟ್‌ಮನ್‌ಗೆ ಸೊಂಟವೇ ಇಲ್ಲ. ಮುಂಭಾಗ ತನ್ನ ಪೂರ್ತಿ ಅಗಲದಲ್ಲಿ ಹೊಟ್ಟೆಗೆ ಕೂಡಿಕೊಂಡಿದೆ. ಮೇಲಿನಿಂದ ನೋಡಿದರೆ ಮೈ ಒಂದೇ ಉಂಡೆ, ಆ ಉಂಡೆಗೆ ಎಂಟು ಸೂಜಿ ಚುಚ್ಚಿಟ್ಟ ಹಾಗೆ.

ಇಲ್ಲಿ ಮೋಸ ಹೋಗುವ ಜಾಗವೂ ಇದೆ. ಮೊಟ್ಟೆ ತುಂಬಿದ ಹೆಣ್ಣುಜೇಡದ ಹೊಟ್ಟೆ ಊದಿ ಮುಂದಕ್ಕೆ ಬಾಗಿಕೊಂಡಿರುವಾಗ ಸೊಂಟ ಪೂರ್ತಿ ಮುಚ್ಚಿಹೋಗುತ್ತದೆ. ಮೇಲಿನಿಂದ ತೆಗೆದ ಫೋಟೊದಲ್ಲಿ ಅಂಥ ಜೇಡ ಸೊಂಟವಿಲ್ಲದ ಪ್ರಾಣಿಯಂತೆಯೇ ಕಾಣುತ್ತದೆ. ಆದ್ದರಿಂದ ಕಣ್ಣನ್ನು ಪ್ರಾಣಿಯ ಮಟ್ಟಕ್ಕೆ ಇಳಿಸಿ ಪಕ್ಕದಿಂದ ನೋಡಬೇಕು. ಪಕ್ಕದಿಂದ ಜೇಡದ ಮೈಯಲ್ಲಿ ಒಂದು ಕಚ್ಚು ಕಂಡೇ ಕಾಣುತ್ತದೆ. ಹಾರ್ವೆಸ್ಟ್‌ಮನ್‌ನಲ್ಲಿ ಹೆಚ್ಚೆಂದರೆ ಒಂದು ಗೆರೆ ಇರಬಹುದು, ಇಕ್ಕಟ್ಟು ಇರುವುದಿಲ್ಲ.

ಎರಡನೆಯದು ಕಣ್ಣು. ಹೆಚ್ಚಿನ ಜೇಡಗಳಿಗೆ ಎಂಟು ಕಣ್ಣು, ಕೆಲವಕ್ಕೆ ಆರು ಅಥವಾ ಅದಕ್ಕಿಂತ ಕಡಿಮೆ. ಅವು ಮುಖದ ಮುಂಭಾಗದಲ್ಲಿ ಸಾಲಾಗಿ ಕೂತಿರುತ್ತವೆ. ನಮ್ಮ ಕಾಡಿನಲ್ಲಿ ಕಾಣುವ ಹಾರ್ವೆಸ್ಟ್‌ಮನ್‌ಗಳಿಗೆ ಎರಡೇ ಕಣ್ಣು. ಸಾಮಾನ್ಯವಾಗಿ ಬೆನ್ನ ಮೇಲೆ, ನಡುಗೆರೆಯಲ್ಲಿ ಒಂದು ಸಣ್ಣ ದಿಬ್ಬವೆದ್ದು, ಅದರ ಎಡಕ್ಕೊಂದು ಬಲಕ್ಕೊಂದು ಕಣ್ಣು ಇರುತ್ತದೆ. ಎದುರಿನಿಂದ ನೋಡಿದರೆ ಮುಖದಲ್ಲಿ ಕಣ್ಣೇ ಇಲ್ಲ ಅನಿಸುವುದು ಇದಕ್ಕೇ. ಹತ್ತು ಪಟ್ಟು ದೊಡ್ಡದು ಮಾಡುವ ಸಾಧಾರಣ ಕೈಲೆನ್ಸ್ ಇದ್ದರೆ ಈ ದಿಬ್ಬ ಸ್ಪಷ್ಟವಾಗಿ ಕಾಣುತ್ತದೆ. ಮೊಬೈಲಿನ ಮ್ಯಾಕ್ರೊ ಲೆನ್ಸಿನಲ್ಲೂ ಸಿಗುತ್ತದೆ. ಹಿಂದೆ ನಾಲ್ಕು ಕಣ್ಣಿನವೂ ಇದ್ದವು: ಫ್ರಾನ್ಸಿನಲ್ಲಿ ಸಿಕ್ಕ ಸುಮಾರು 30.5 ಕೋಟಿ ವರ್ಷ ಹಿಂದಿನ ಒಂದು ಪಳೆಯುಳಿಕೆಯಲ್ಲಿ ನಡುವಿನ ಜೊತೆಯಲ್ಲದೆ ಪಕ್ಕದಲ್ಲೂ ಒಂದು ಜೊತೆ ಕಣ್ಣು ಇರುವುದನ್ನು 2014ರಲ್ಲಿ ವರದಿ ಮಾಡಲಾಯಿತು. ರಾತ್ರಿ ಹಣೆಗೆ ಟಾರ್ಚ್ ಕಟ್ಟಿಕೊಂಡು ಹೋಗುವವರಿಗೆ ಇನ್ನೊಂದು ಸುಲಭದ ದಾರಿಯಿದೆ. ತೋಳಜೇಡಗಳ ಕಣ್ಣಿನಲ್ಲಿ ಬೆಳಕನ್ನು ಹಿಂದಕ್ಕೆ ಹೊಡೆಯುವ ಪದರ ಇರುವುದರಿಂದ ಹುಲ್ಲಿನ ನಡುವೆ ಅವು ಹಸಿರು ಚುಕ್ಕೆಗಳಾಗಿ ಮಿನುಗುತ್ತವೆ. ಹಾರ್ವೆಸ್ಟ್‌ಮನ್ ಹಾಗೆ ಮಿನುಗುವುದಿಲ್ಲ.

ಬಾಯಿಯ ಕತೆ ಇನ್ನೂ ಸ್ವಾರಸ್ಯದ್ದು. ಬಾಯಿಯ ಮುಂದಿರುವ ಒಂದು ಜೊತೆ ಅವಯವಕ್ಕೆ ಕೆಲಿಸೆರೆ ಎನ್ನುತ್ತಾರೆ. ಜೇಡದ ಕೆಲಿಸೆರೆಗೆ ಎರಡು ಗೆಣ್ಣು. ಕೊನೆಯದು ಮಡಚುವ ಚಾಕುವಿನ ಅಲಗಿನಂಥ ಟೊಳ್ಳು ಹಲ್ಲು, ಅದರ ತುದಿಯ ಹತ್ತಿರವಿರುವ ರಂಧ್ರದಿಂದ ವಿಷ ಹೊರಬರುತ್ತದೆ. ಹಾರ್ವೆಸ್ಟ್‌ಮನ್‌ನ ಕೆಲಿಸೆರೆಗೆ ಮೂರು ಗೆಣ್ಣು, ತುದಿಯಲ್ಲಿ ಪುಟ್ಟ ಇಕ್ಕಳ. ಅದರಲ್ಲಿ ವಿಷದ ಗ್ರಂಥಿಯೂ ಇಲ್ಲ, ಚುಚ್ಚುವ ಹಲ್ಲೂ ಇಲ್ಲ. ಊಟದ ರೀತಿಯೂ ಇದಕ್ಕೆ ತಕ್ಕಂತೆ ಬೇರೆ. ಜೇಡ ಜೀರ್ಣರಸ ಕಕ್ಕಿ ಬೇಟೆಯನ್ನು ಕರಗಿಸಿ ರಸ ಹೀರುತ್ತದೆ. ಹಾರ್ವೆಸ್ಟ್‌ಮನ್ ಇಕ್ಕಳದಿಂದ ಚೂರು ಚೂರು ಕಿತ್ತು ಗಟ್ಟಿ ಪದಾರ್ಥವನ್ನೇ ನುಂಗುತ್ತದೆ. ಸಣ್ಣ ಹುಳ, ಸತ್ತ ಕೀಟ, ಅಣಬೆ, ಕೊಳೆತ ಹಣ್ಣು, ಹಕ್ಕಿಯ ಹಿಕ್ಕೆ, ಯಾವುದೂ ಬೇಡವೆನ್ನುವುದಿಲ್ಲ. ಗಟ್ಟಿ ಆಹಾರ ತಿನ್ನುವ ಅಭ್ಯಾಸಕ್ಕೆ ಅದು ಕೊಡುವ ಬೆಲೆಯೂ ಇದೆ: ಜೇಡಗಳಿಗೆ ಅಷ್ಟಾಗಿ ಅಂಟದ ಕರುಳಿನ ಪರೋಪಜೀವಿಗಳು ಇದರ ಹೊಟ್ಟೆಯಲ್ಲಿ ಧಾರಾಳವಾಗಿ ಸಿಗುತ್ತವೆ.

ಹಾಗಾದರೆ ಕಾಲಿನಿಂದ ಏನೂ ತಿಳಿಯುವುದಿಲ್ಲವೇ? ತಿಳಿಯುತ್ತದೆ, ಎಣಿಸುವುದನ್ನು ಬಿಟ್ಟು ಅಳೆದರೆ. ಹಾರ್ವೆಸ್ಟ್‌ಮನ್‌ನಲ್ಲಿ ಸಾಮಾನ್ಯವಾಗಿ ಎರಡನೆಯ ಜೊತೆ ಕಾಲು ಎಲ್ಲಕ್ಕಿಂತ ಉದ್ದ. ನಡೆಯುವಾಗ ಆ ಜೊತೆ ನೆಲಕ್ಕೆ ಊರಿ ಭಾರ ಹೊರುವುದಕ್ಕಿಂತ ಮುಂದಿನ ದಾರಿಯನ್ನು ತಡವುತ್ತಾ, ತಟ್ಟುತ್ತಾ ಹೋಗುತ್ತದೆ. ಕಣ್ಣು ಮಂದವಾದ ಈ ಪ್ರಾಣಿಗೆ ವಾಸನೆ, ತೇವ, ಆಹಾರದ ಸುಳಿವು ಸಿಗುವುದು ಬಹುಮಟ್ಟಿಗೆ ಅಲ್ಲಿಂದಲೇ. ಉದ್ದಕಾಲಿನ ಮನೆಜೇಡಗಳಲ್ಲಿ ಉದ್ದನೆಯದು ಮೊದಲನೆಯ ಜೊತೆ. ಇನ್ನು ಕಾಲಿನ ತುದಿ ನೋಡಿ: ಉದ್ದಕಾಲಿನ ಹಾರ್ವೆಸ್ಟ್‌ಮನ್‌ಗಳ ಪಾದ ಹತ್ತಾರು ಕಿರುಗೆಣ್ಣುಗಳ ಸರ, ಅದನ್ನು ಹುಲ್ಲುಕಡ್ಡಿಗೆ ಬಳ್ಳಿಯಂತೆ ಸುತ್ತಿ ಹಿಡಿಯಬಲ್ಲವು. ಈ ಗಣದಲ್ಲಿ ಕಾಲು ಎಷ್ಟು ಬೆಳೆಯಬಹುದೆಂದರೆ, 2012ರಲ್ಲಿ ಲಾವೋಸಿನಲ್ಲಿ ಸಿಕ್ಕ ಒಂದರ ಕಾಲು ಚಾಚಿದ ಅಗಲ 33 ಸೆಂಟಿಮೀಟರ್ ಮೀರಿತ್ತು.

ಕಾಲು ಕಳೆದುಕೊಳ್ಳುವ ರೀತಿಯಲ್ಲೂ ವ್ಯತ್ಯಾಸವಿದೆ. ಉದ್ದಕಾಲಿನ ಹಾರ್ವೆಸ್ಟ್‌ಮನ್ ಹಿಡಿಯಲು ಹೋದರೆ ಕಾಲು ಕೈಯಲ್ಲಿ ಬಿಟ್ಟು ಓಡುತ್ತದೆ. ಬಿದ್ದ ಕಾಲು ನಿಮಿಷಗಟ್ಟಲೆ, ಕೆಲವೊಮ್ಮೆ ಇನ್ನೂ ಹೆಚ್ಚು ಹೊತ್ತು ಮಿಡುಕುತ್ತಲೇ ಇರುತ್ತದೆ. ತೊಡೆಯ ಗೆಣ್ಣಿನಲ್ಲೇ ಇರುವ ನರಕೋಶಗಳು ಮೈಯ ಅಪ್ಪಣೆಯಿಲ್ಲದೆ ಮಿಡಿತ ಹುಟ್ಟಿಸುವುದು ಇದಕ್ಕೆ ಕಾರಣ. ಹಲ್ಲಿಯೋ ಇರುವೆಯೋ ಅದರತ್ತ ನೋಡುತ್ತಿರುವಾಗ ಒಡೆಯ ತಪ್ಪಿಸಿಕೊಂಡಿರುತ್ತಾನೆ. ಜೇಡವೂ ಕಾಲು ಬಿಡಬಲ್ಲದು, ಆದರೆ ಮುಂದೆ ಪೊರೆ ಬಿಡುವ ಅವಕಾಶ ಇದ್ದರೆ ಹೊಸ ಕಾಲು ಬೆಳೆಯುತ್ತದೆ. ಹಾರ್ವೆಸ್ಟ್‌ಮನ್‌ಗೆ ಹೋದ ಕಾಲು ಹೋದಂತೆಯೇ. ಆದ್ದರಿಂದ ಮಳೆಗಾಲದ ಕೊನೆಯಲ್ಲಿ ಆರೇಳು ಕಾಲಿನವು ಎಷ್ಟೋ ಸಿಗುತ್ತವೆ. ಆರು ಕಾಲು ಕಂಡ ಕೂಡಲೇ ಕೀಟ ಎಂದು ಬರೆದುಕೊಳ್ಳಬೇಡಿ, ಮೈಯ ಅಂಚಿನಲ್ಲಿ ಮೋಟು ಉಳಿದಿದೆಯೇ ನೋಡಿ.

ಎಳೆ ತೆಗೆಯುವ ಸ್ಪಿನ್ನರೆಟ್ ಹಾರ್ವೆಸ್ಟ್‌ಮನ್‌ಗೆ ಇಲ್ಲ. ಬಲೆಯಿಲ್ಲ, ಮೊಟ್ಟೆಗೆ ರೇಷ್ಮೆಯ ಚೀಲವೂ ಇಲ್ಲ. ಹೆಣ್ಣು ಉದ್ದನೆಯ ಕೊಳವೆ ಚಾಚಿ ಮಣ್ಣಿನ ಬಿರುಕು, ತೊಗಟೆಯ ಸಂದಿಯಲ್ಲಿ ಮೊಟ್ಟೆ ಇಡುತ್ತದೆ. ಕೂಡುವ ವಿಧಾನದಲ್ಲಂತೂ ಇದು ತನ್ನ ಬಳಗಕ್ಕೆ ತೀರ ವಿಚಿತ್ರ. ಗಂಡುಜೇಡ ವೀರ್ಯವನ್ನು ಮೊದಲು ಎಳೆಯ ಮೇಲೆ ಹನಿಸಿ, ಅಲ್ಲಿಂದ ತನ್ನ ಪೆಡಿಪಾಲ್ಪ್ ಎಂಬ ಪುಟ್ಟ ಕೈಗೆ ತುಂಬಿಕೊಂಡು ಹೆಣ್ಣಿಗೆ ದಾಟಿಸುತ್ತದೆ. ಬೆಳೆದ ಗಂಡಿನ ಪೆಡಿಪಾಲ್ಪ್ ತುದಿ ಊದಿಕೊಂಡಿರುವುದು ಇದಕ್ಕೆ. ಚೇಳು ವೀರ್ಯದ ಪೊಟ್ಟಣವನ್ನು ನೆಲಕ್ಕೆ ಅಂಟಿಸಿ ಹೆಣ್ಣನ್ನು ಅದರ ಮೇಲೆ ಎಳೆದು ತರುತ್ತದೆ. ಗಂಡು ಹಾರ್ವೆಸ್ಟ್‌ಮನ್‌ಗೆ ನಿಜವಾದ ಶಿಶ್ನವೇ ಇದೆ. ಪ್ರಭೇದ ಗುರುತಿಸುವ ತಜ್ಞರು ಕೊನೆಗೆ ನೋಡುವುದೂ ಅದರ ಆಕಾರವನ್ನೇ.

ಮನೆಯೊಳಗಿನ ಗೊಂದಲಕ್ಕೆ ಬರೋಣ. ಬಚ್ಚಲುಮನೆಯ ಮೂಲೆ, ಅಟ್ಟ, ಕಪಾಟಿನ ಹಿಂದೆ ತಲೆಕೆಳಗಾಗಿ ತೂಗುವ ಉದ್ದಕಾಲಿನದ್ದು ಬಹುಪಾಲು ಹಾರ್ವೆಸ್ಟ್‌ಮನ್ ಅಲ್ಲ, ಫೋಲ್ಸಿಡ್ ಕುಟುಂಬದ ಜೇಡ. ನಮ್ಮ ಕಡೆಯ ಮನೆಗಳಲ್ಲಿ ಬಹಳ ಸಾಮಾನ್ಯವಾದದ್ದು ಕ್ರಾಸೊಪ್ರೈಜಾ ಲಯೋನಿ. ಅದನ್ನು ಒಮ್ಮೆ ಹತ್ತಿರದಿಂದ ನೋಡಿಬಿಟ್ಟರೆ ಮುಂದೆ ಗೊಂದಲವೇ ಇರುವುದಿಲ್ಲ. ಸುತ್ತ ಗೊತ್ತುಗುರಿಯಿಲ್ಲದೆ ಹರಡಿದ, ಧೂಳು ಕೂತ ಬಲೆ ಇರುತ್ತದೆ. ಹೊಟ್ಟೆ ಮೊನೆಮೊನೆಯಾದ ಪೆಟ್ಟಿಗೆಯಂತಿದ್ದು ಹಿಂದಿನ ಮೇಲ್ತುದಿ ಚೂಪಾಗಿ ಎದ್ದಿರುತ್ತದೆ. ಹೊಟ್ಟೆಗೂ ಮುಂಭಾಗಕ್ಕೂ ನಡುವೆ ಇಕ್ಕಟ್ಟು ಸ್ಪಷ್ಟ. ಮೊಣಕಾಲಿನ ಹತ್ತಿರ ಕಪ್ಪು-ಬಿಳಿ ಪಟ್ಟೆ. ಹೆಣ್ಣಾದರೆ ಮೊಟ್ಟೆಗಳ ಗೊಂಚಲನ್ನು ತೆಳು ಎಳೆಯಲ್ಲಿ ಕಟ್ಟಿ ಬಾಯಲ್ಲೇ ಹಿಡಿದುಕೊಂಡಿರುತ್ತದೆ. ಹಾರ್ವೆಸ್ಟ್‌ಮನ್ ಎಂದೂ ಹೀಗೆ ಮಾಡುವುದಿಲ್ಲ. ಕಡ್ಡಿಯಿಂದ ಮುಟ್ಟಿದರೆ ಈ ಜೇಡ ಬಲೆಯಲ್ಲೇ ಗಿರಗಿರನೆ ಸುತ್ತಿ ಮೈಯನ್ನು ಮಸುಕಾಗಿಸುತ್ತದೆ. ಹಾರ್ವೆಸ್ಟ್‌ಮನ್ ಕುಣಿಯುವುದು ಬೇರೆ ಥರ: ಕಾಲು ಊರಿದಲ್ಲೇ ಇಟ್ಟು ನಡುವಿನ ಮೈಯನ್ನು ಮಾತ್ರ ಮೇಲೆ ಕೆಳಗೆ ಮಾಡುತ್ತದೆ.

"ಜಗತ್ತಿನಲ್ಲೇ ಅತಿ ವಿಷಕಾರಿ ಜೇಡ ಇದು, ಹಲ್ಲು ಚಿಕ್ಕದಾದ್ದರಿಂದ ನಮ್ಮನ್ನು ಕಚ್ಚಲಾರದು ಅಷ್ಟೆ" ಎಂಬ ಮಾತು ಹುಟ್ಟಿದ್ದೂ ಈ ಎರಡನ್ನೂ ಒಂದೇ ಹೆಸರಿನಲ್ಲಿ ಕರೆದದ್ದರಿಂದ. ಇಂಗ್ಲಿಷಿನಲ್ಲಿ ಡ್ಯಾಡಿ ಲಾಂಗ್‌ಲೆಗ್ಸ್ ಎಂದರೆ ಕೆಲವರಿಗೆ ಹಾರ್ವೆಸ್ಟ್‌ಮನ್, ಕೆಲವರಿಗೆ ಫೋಲ್ಸಿಡ್ ಜೇಡ, ಬ್ರಿಟನ್ನಿನ ಹಲವರಿಗೆ ಎರಡು ರೆಕ್ಕೆ ಆರು ಕಾಲಿನ ಕ್ರೇನ್ ಫ್ಲೈ. ಹಾರ್ವೆಸ್ಟ್‌ಮನ್‌ಗೆ ವಿಷವೇ ಇಲ್ಲ. ಫೋಲ್ಸಿಡ್ ಜೇಡಕ್ಕೆ ಇದೆ, ಆದರೆ ಅದು ಮನುಷ್ಯರಿಗೆ ಅಪಾಯಕಾರಿ ಎನ್ನಲು ಆಧಾರವಿಲ್ಲ. ಕ್ರೇನ್ ಫ್ಲೈ ಕಚ್ಚುವುದೇ ಇಲ್ಲ. ಮೂರಕ್ಕೂ ಆ ಅಪವಾದ ಸಲ್ಲದು.

ಇಷ್ಟೆಲ್ಲ ಉದ್ದಕಾಲಿನವುಗಳ ಮಾತಾಯಿತು. ನಿಜವಾಗಿ ತಲೆ ತಿನ್ನುವುದು ಗಿಡ್ಡಕಾಲಿನ ಹಾರ್ವೆಸ್ಟ್‌ಮನ್‌ಗಳು. ಲ್ಯಾನಿಯಾಟೋರಿಸ್ ಎಂಬ ಉಪಗಣದ ಇವು ಕಾಡಿನ ತರಗೆಲೆ, ಕೊಳೆತ ದಿಮ್ಮಿ, ಕಲ್ಲಿನಡಿಯಲ್ಲಿ ಇರುತ್ತವೆ. ಮೈ ಕೆಲವೇ ಮಿಲಿಮೀಟರ್, ಬಣ್ಣ ಕಂದು ಅಥವಾ ಕಾವಿ, ಪೆಡಿಪಾಲ್ಪ್ ಮುಳ್ಳುಮುಳ್ಳಾದ ಬೇಟೆಯ ಕೈ. ಮುಟ್ಟಿದರೆ ಸತ್ತಂತೆ ಮಡಚಿಕೊಳ್ಳುತ್ತವೆ. ಮುಳ್ಳುಕೈ ನೋಡಿ ಕೆಲವರು ಮರಿ ಚಾಟಿಜೇಡ ಎಂದೂ, ಗಟ್ಟಿ ಬೆನ್ನು ನೋಡಿ ಉಣ್ಣೆ ಎಂದೂ ತಪ್ಪು ತಿಳಿಯುತ್ತಾರೆ. ಹಾರ್ವೆಸ್ಟ್‌ಮನ್ ಹೊಟ್ಟೆಯ ಮೇಲೆ ಅಡ್ಡಗೆರೆಗಳು ಇರಬೇಕು, ಜೇಡದ ಹೊಟ್ಟೆಯ ಮೇಲೆ ಇರುವುದಿಲ್ಲ ಎಂದು ಕೈಪಿಡಿಗಳು ಹೇಳುವ ಲಕ್ಷಣ ಇಲ್ಲಿ ಕೈಕೊಡುತ್ತದೆ. ಯಾಕೆಂದರೆ ಇವುಗಳ ಬೆನ್ನಿನ ಪಟ್ಟಿಗಳು ಬೆಸೆದು ಒಂದೇ ಫಲಕವಾಗಿರುತ್ತವೆ. ನಮ್ಮಲ್ಲಿ ಕಾಣುವ ಉದ್ದಕಾಲಿನ ಗ್ಯಾಗ್ರೆಲ್ಲಾ ಬಳಗದಲ್ಲೂ ಹೀಗೆಯೇ, ಕೆಲವಕ್ಕೆ ಆ ಫಲಕದ ಮೇಲೆ ಒಂದು ಮುಳ್ಳು ಸಹ ನೆಟ್ಟಗೆ ನಿಂತಿರುತ್ತದೆ. ಅಂಥ ಕಡೆ ಹೊಟ್ಟೆಯ ಅಡಿಭಾಗ ತಿರುಗಿಸಿ ನೋಡಿದರೆ ಅಡ್ಡಪಟ್ಟಿಗಳು ಸಿಗುತ್ತವೆ.

ಚಾಟಿಜೇಡಕ್ಕೆ ಮೈ ಚಪ್ಪಟೆ, ಸೊಂಟ ಸಣ್ಣದು, ಮೊದಲ ಜೊತೆ ಕಾಲು ದಾರದಂತೆ ತೆಳ್ಳಗಿದ್ದು ನಡೆಯಲು ಬಳಕೆಯಾಗುವುದಿಲ್ಲ. ಆರೇ ಕಾಲಿನಲ್ಲಿ ಏಡಿಯ ಹಾಗೆ ಪಕ್ಕಕ್ಕೆ ಸರಿಯುತ್ತದೆ. ತಡವುವ ಕಾಲು ಮೊದಲನೆಯದೋ ಎರಡನೆಯದೋ ಎಂದು ನೋಡಿದರೆ ಹಾರ್ವೆಸ್ಟ್‌ಮನ್‌ನಿಂದ ಬೇರೆಯಾಯಿತು. ಚಾಟಿಚೇಳಿಗೆ ಹಿಂದೆ ತೆಳು ಬಾಲ, ಕೆಣಕಿದರೆ ವಿನೆಗರ್ ವಾಸನೆಯ ದ್ರವ ಚಿಮ್ಮಿಸುತ್ತದೆ. ಒಂಟೆಜೇಡ ಒಣನಾಡಿನದು, ಪೆಡಿಪಾಲ್ಪ್ ಕಾಲಿನಷ್ಟೇ ಉದ್ದವಿರುವುದರಿಂದ ಹತ್ತು ಕಾಲಿನದಾಗಿ ಕಾಣುತ್ತದೆ, ಮುಖದ ಮುಂದೆ ಎರಡು ದಪ್ಪ ಇಕ್ಕಳ ಚಾಚಿರುತ್ತವೆ. ಹಳೆಯ ಪುಸ್ತಕದ ಹಾಳೆಯ ನಡುವೆ ಸಿಗುವ, ಕೆಲವೇ ಮಿಲಿಮೀಟರಿನ, ಬಾಲವಿಲ್ಲದ ಚೇಳು ಹುಸಿಚೇಳು. ನಿಜವಾದ ಚೇಳನ್ನು ಬಿಡಿಸಿ ಹೇಳಬೇಕಿಲ್ಲ. ಅನುಮಾನವಿದ್ದರೆ ಅಲ್ಟ್ರಾವಯೊಲೆಟ್ ಟಾರ್ಚ್ ಬಿಡಿ, ಹಸಿರು-ನೀಲಿಯಾಗಿ ಹೊಳೆಯುತ್ತದೆ. ಈಗಷ್ಟೇ ಪೊರೆ ಬಿಟ್ಟದ್ದು ಮಾತ್ರ ಹೊಳೆಯದೆ ಯಾಮಾರಿಸಬಹುದು.

ಉಣ್ಣೆಯ ವಿಷಯದಲ್ಲಿ ತಪ್ಪಿದರೆ ಮಾತ್ರ ಹಗುರವಾಗಿ ಬಿಡುವಂತಿಲ್ಲ, ಮಲೆನಾಡಿನಲ್ಲಂತೂ ಇನ್ನೂ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾದ ಮಂಗನ ಕಾಯಿಲೆ ಹರಡುವುದು ಉಣ್ಣೆಯಿಂದ, ಮನುಷ್ಯರಿಗೆ ಕಚ್ಚುವುದು ಹೆಚ್ಚಾಗಿ ಅದರ ಮರಿಹಂತ. ಉಣ್ಣೆಯ ಮೈಯಲ್ಲಿ ಭಾಗಗಳೇ ಕಾಣುವುದಿಲ್ಲ, ಅಡ್ಡಗೆರೆಗಳಿಲ್ಲ, ಬೆನ್ನಲ್ಲಿ ಕಣ್ಣಿನ ದಿಬ್ಬವಿಲ್ಲ. ಮುಂದೆ ಚಾಚಿದ ಸಣ್ಣ ಮೂತಿಯಿದೆ. ಮೊಟ್ಟೆಯಿಂದ ಆಗಷ್ಟೇ ಬಂದದ್ದಕ್ಕೆ ಆರೇ ಕಾಲು, ಮುಂದಿನ ಹಂತದಿಂದ ಎಂಟು. ಹುಲ್ಲಿನ ತುದಿಯಲ್ಲಿ ಮುಂಗಾಲು ಎತ್ತಿ ಕಾದು ಕೂತಿರುತ್ತದೆ. ಹಾರ್ವೆಸ್ಟ್‌ಮನ್ ಚರ್ಮದ ಮೇಲೆ ನಡೆದುಹೋಗಬಹುದೇ ಹೊರತು ಅಂಟಿಕೊಳ್ಳುವುದಿಲ್ಲ. ಅಂಟಿಕೊಂಡದ್ದು ಉಣ್ಣೆ ಎಂದೇ ತಿಳಿದು, ಚೂಪುತುದಿಯ ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು, ಜಜ್ಜದೆ ನೇರವಾಗಿ ಎಳೆದು ತೆಗೆಯಬೇಕು. ಆಮೇಲೆ ಜ್ವರ ಬಂದರೆ ತಡಮಾಡದೆ ಆಸ್ಪತ್ರೆಗೆ. ಇದಕ್ಕೆ ತದ್ವಿರುದ್ಧವಾದ ಗೊಂದಲ ಇನ್ನೊಂದಿದೆ: ಹಾರ್ವೆಸ್ಟ್‌ಮನ್ ಕಾಲಿಗೋ ಮೈಗೋ ಅಂಟಿದ ಕಡುಗೆಂಪು ಮಣಿಗಳನ್ನು ನೋಡಿ ಅದರ ಮೊಟ್ಟೆ ಎಂದುಕೊಳ್ಳುತ್ತಾರೆ. ಅವು ಅದರ ರಸ ಹೀರುವ ನುಸಿಯ ಮರಿಗಳು, ಮೊದಲ ಮಳೆಗೆ ಹೊಲದಲ್ಲಿ ಕಾಣುವ ಮಖಮಲ್ಲಿನ ಇಂದ್ರಗೋಪದ ದೂರದ ಬಳಗ.

ಕೈಯಲ್ಲಿ ಹಿಡಿಯುವುದಾದರೆ ಒಂದು ಎಚ್ಚರ. ಹಾರ್ವೆಸ್ಟ್‌ಮನ್‌ನ ಮೈಯ ಮುಂಭಾಗದ ಎರಡೂ ಅಂಚಿನಲ್ಲಿ ವಾಸನೆ ಗ್ರಂಥಿಗಳ ಬಾಯಿ ಇದೆ. ಕೆಣಕಿದಾಗ ಅಲ್ಲಿಂದ ಕಟುವಾಸನೆಯ ದ್ರವ ಒಸರುತ್ತದೆ. ಗಿಡ್ಡಕಾಲಿನ ಹಲವದರಲ್ಲಿ ಕ್ವಿನೋನ್, ಫೀನಾಲ್‌ಗಳಿವೆ. ಚರ್ಮಕ್ಕೆ ಹೆಚ್ಚೆಂದರೆ ಕಂದುಕಲೆ ಆದೀತು, ಕಣ್ಣು ಉಜ್ಜಿಕೊಂಡರೆ ಉರಿ. ಸೋಪಿನಲ್ಲಿ ತೊಳೆದರೆ ಸಾಕು. ಜೇಡಕ್ಕೆ ಈ ಗ್ರಂಥಿಗಳಿಲ್ಲ, ಹಾಗಾಗಿ ಬೆರಳಿಗೆ ಅಂಟಿದ ವಾಸನೆಯೂ ಒಂದು ಗುರುತೇ. ಒಂದೇ ಡಬ್ಬಿಯಲ್ಲಿ ಹಲವನ್ನು ಹಾಕಿ ಬಿಗಿಯಾಗಿ ಮುಚ್ಚಬಾರದು. ತಾವೇ ಬಿಟ್ಟ ಆವಿಗೆ ಸಿಕ್ಕಿ ಸಾಯುವುದುಂಟು. ಒಂದು ಡಬ್ಬಿಗೆ ಒಂದು, ಒಳಗೆ ಒದ್ದೆ ಹತ್ತಿ ಅಥವಾ ಪಾಚಿಯ ತುಣುಕು ಇರಲಿ. ಇವು ಬೇಗ ಒಣಗಿ ಹೋಗುವ ಜೀವಿಗಳು, ಗುಂಪುಗೂಡಿ ಕೂರುವುದಕ್ಕೆ ತೇವ ಉಳಿಸಿಕೊಳ್ಳುವುದೂ ಒಂದು ಕಾರಣ.

ಫೋಟೊದಿಂದ ಗುರುತು ಹಿಡಿಯಬೇಕೆಂದಿದ್ದರೆ ಒಂದೇ ಕೋನ ಸಾಲದು. ಮೇಲಿನಿಂದ ಒಂದು, ಪಕ್ಕದಿಂದ ಮೈ ಮಾತ್ರ ತುಂಬುವಂತೆ ಒಂದು, ಎದುರಿನಿಂದ ಒಂದು ತೆಗೆಯಿರಿ. ಉದ್ದಕಾಲಿನವು ಸಿಕ್ಕಾಗ ಎಂಟೂ ಕಾಲು ಚೌಕಟ್ಟಿನಲ್ಲಿ ಬರಲೆಂದು ದೂರ ಸರಿಯುವುದೇ ಎಲ್ಲರೂ ಮಾಡುವ ಎಡವಟ್ಟು. ಕೊನೆಗೆ ನಡುವಿನ ಮೈ ಒಂದು ಚುಕ್ಕೆಯಾಗಿ ಉಳಿದು, ಬೇಕಾದ ಸೊಂಟವೂ ಕಣ್ಣೂ ಕಾಣುವುದಿಲ್ಲ. ಕಾಲು ಚೌಕಟ್ಟಿನಾಚೆ ಹೋದರೂ ಪರವಾಗಿಲ್ಲ, ಮೈ ಹತ್ತಿರ ಬರಲಿ. ಬಲೆಯಲ್ಲಿ ಸಿಕ್ಕಿದ್ದನ್ನೆಲ್ಲ ಬಲೆಯ ಒಡೆಯ ಎಂದೂ ತಿಳಿಯಬೇಡಿ, ಹಾರ್ವೆಸ್ಟ್‌ಮನ್ ಜೇಡರ ಬಲೆಗೆ ಬಿದ್ದು ಊಟವಾಗುವುದು ಸಾಮಾನ್ಯ. ಐನ್ಯಾಚುರಲಿಸ್ಟ್‌ನಂಥ ತಾಣಕ್ಕೆ ಏರಿಸುವಾಗ ಒಪಿಲಿಯೋನಿಸ್ ಎಂಬ ಗಣದ ಹೆಸರಿಗೇ ನಿಲ್ಲಿಸುವುದು ಮೇಲು. ಪಶ್ಚಿಮಘಟ್ಟದ ಬಹುಪಾಲು ಪ್ರಭೇದಗಳನ್ನು ಗಂಡಿನ ಜನನಾಂಗವನ್ನು ಸೂಕ್ಷ್ಮದರ್ಶಕದಲ್ಲಿ ನೋಡದೆ ಖಚಿತಪಡಿಸಲಾಗದು. ಸತ್ತದ್ದು ಸಿಕ್ಕರೆ ಪಿನ್ನಿಗೆ ಚುಚ್ಚಬೇಡಿ, ಒಣಗಿ ಮುರುಟಿಹೋಗುತ್ತದೆ. 70ರಿಂದ 80 ಶೇಕಡಾ ಎಥನಾಲ್‌ನಲ್ಲಿ ಇಟ್ಟು, ಸಿಕ್ಕ ಜಾಗ, ದಿನಾಂಕವನ್ನು ಪೆನ್ಸಿಲ್‌ನಲ್ಲಿ ಬರೆದ ಚೀಟಿಯನ್ನು ಸೀಸೆಯೊಳಗೇ ಹಾಕಿ. ಪೆನ್ನಿನ ಶಾಯಿ ಎಥನಾಲ್‌ನಲ್ಲಿ ಕರಗುತ್ತದೆ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದೊಳಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಸತ್ತದ್ದನ್ನೂ ತೆಗೆದುಕೊಳ್ಳುವಂತಿಲ್ಲ, ಅಲ್ಲಿ ಫೋಟೊ ಒಂದೇ ದಾರಿ.